ಫೋನು ಬಂದರೆ ಮೇಜಿನಡಿ

ಮಹಡಿ ಕೋಣೆ,
ಆಗಸ್ಟ್ ೧೮, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀರಿ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತೆ ಅಂದಿದ್ದಿರಲ್ಲ, ಕಡಿಮೆಯಾಯಿತಾ? ಹಾಸ್ಟೆಲ್ ಊಟ ಹೇಗಾದರೂ ಇರಲಿ, ಹೊತ್ತಿಗೆ ಸರಿಯಾಗಿ ತಿನ್ನಿ. ನರ್ಸಿಂಗ್ ತರಬೇತಿ ಮುಗಿಯುವಷ್ಟರಲ್ಲಿ ನೀವೇ ರೋಗಿಯಾಗಿರಬಾರದು. ನಾನಂತೂ ಗುಂಡಗಾಗಿದ್ದೇನೆ. ನಿಮ್ಮ ಮೈದುನ ದಿನಾ ಸಂಜೆ ಏನಾದರೊಂದು ಪೊಟ್ಟಣ ಹಿಡಿದು ಬಂದು ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ, ನಾನೂ ನಿಲ್ಲುತ್ತೇನೆ, ಅತ್ತೆ ಕೆಮ್ಮುತ್ತಾರೆ. ಮದುವೆ ಅಂದರೆ ಇಷ್ಟು ಖುಷಿ ಅಂತ ನನಗೆ ಯಾರೂ ಹೇಳಿರಲಿಲ್ಲ ಅಕ್ಕ. ಸರಿ, ಸಾಕು. ಇಂಗ್ಲಿಷ್ ಮೀಡಿಯಮ್ ಹುಡುಗಿಯ ಕಾಗುಣಿತವನ್ನು ಹೊಟ್ಟೆಗೆ ಹಾಕಿಕೊಳ್ಳಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮನೆಯಲ್ಲಿ ಸ್ಪೀಕರ್ ಹಾಕದೆ ಯಾರೂ ಮಾತಾಡುವುದಿಲ್ಲವಲ್ಲ. ಹೋದ ವಾರ ನೀವು ಅತ್ತೆಯನ್ನು ಕೇಳಿದ್ದು ನನಗೂ ಕೇಳಿಸಿತು, ಮಗು ಫೋನಿಗೆ ಬರೋದೇ ಇಲ್ಲ, ನನ್ನ ಮರೆತಳಾ ಅಂತ. ಆಡ್ತಿದ್ದಾಳೆ ಅಂದರು ಅತ್ತೆ. ಆಡುತ್ತಿರಲಿಲ್ಲ.

ಹೆದರಬೇಡಿ, ನಿಮ್ಮ ಗುಬ್ಬಿಗೆ ಜ್ವರವಿಲ್ಲ, ಎಲ್ಲೂ ಬಿದ್ದಿಲ್ಲ. ಅವಳ ಬಾಯಲ್ಲಿ ಕ ಹೋಗಿ ತ, ಗ ಹೋಗಿ ದ ಆಗುವುದು ನಿಮಗೆ ಗೊತ್ತೇ ಇದೆ. ಈ ಮನೆಗೆ ಬಂದ ದಿನವೇ ನನ್ನನ್ನು ಚಿತ್ತಮ್ಮ ಅಂದಳು, ನಾನು ಅಲ್ಲೇ ಕರಗಿಹೋದೆ. ಆಮೇಲೆ ನೋಡಿದರೆ ಇಡೀ ಮನೆಯೇ ಅವಳ ಭಾಷೆ ಆಡುತ್ತದೆ. ಮಾವ ನನ್ನ ಹತ್ತಿರ ತಾಪಿ ಕೇಳುತ್ತಾರೆ. ಭಾವ ತಾರಿನ ತೀಲಿ ಹುಡುಕುತ್ತಾರೆ. ನಾನೂ ಬೇಗ ಕಲಿತೆ.

ಹೋದ ತಿಂಗಳು ಅವಳನ್ನು ಕರೆತರಲು ಶಿಶುವಿಹಾರಕ್ಕೆ ಸ್ವಲ್ಪ ಬೇಗ ಹೋಗಿದ್ದೆ. ಅಂಗಳದ ಮರಳಲ್ಲಿ ಆಡುತ್ತಾ ಪಕ್ಕದ ಹುಡುಗಿಯ ಹತ್ತಿರ ಕೆಂಪು ಬಕೆಟ್ ಕೇಳುತ್ತಿದ್ದಳು. ಆ ಹುಡುಗಿ ಜರಡಿ ಕೊಟ್ಟಳು, ಆಮೇಲೆ ಸಲಿಕೆ ಕೊಟ್ಟಳು, ಆಮೇಲೆ ಬೇಜಾರಾಗಿ ಎದ್ದುಹೋದಳು. ಗುಬ್ಬಿ ಅಳಲಿಲ್ಲ. ತನ್ನ ಬೂಟಿಗೇ ಮರಳು ತುಂಬುತ್ತಾ ಕೂತಳು. ಟೀಚರ್ ಹೇಳಿದರು, ಇತ್ತೀಚೆಗೆ ಅವಳು ಬೆರಳು ತೋರಿಸುತ್ತಾಳೆ ಅಷ್ಟೆ, ಮಾತೇ ಆಡುವುದಿಲ್ಲವಂತೆ. ನಮ್ಮ ಬಾಯಿಬಡುಕಿ! ನಾಲ್ಕು ದಾಟಿತಲ್ಲ, ಈ ಅಕ್ಷರಗಳು ಬಂದಿರಬೇಕಿತ್ತು, ಒಮ್ಮೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ ಅಂದರು.

ಅತ್ತೆಗೆ ಒಪ್ಪಿಗೆಯಿರಲಿಲ್ಲ. ನಿನ್ನ ಗಂಡನೂ ಹೀಗೇ ತೊದಲುತ್ತಿದ್ದ, ಈಗ ಬಾಯಿ ಮುಚ್ಚಿಸೋಕಾಗುತ್ತಾ ನೋಡು ಅಂದರು. ನೋಡಿದ್ದೇನೆ, ಆಗುವುದಿಲ್ಲ. ಭಾವ ಮಾತ್ರ, ಹೋಗಿಬನ್ನಿ, ಆದರೆ ಗುಬ್ಬಿಯ ಅಮ್ಮನಿಗೆ ಹೇಳಬೇಡಿ, ಅವಳಿಗೆ ಪರೀಕ್ಷೆ ಹತ್ತಿರವಿದೆ ಅಂದರು. ನಾನು ಹೇಳುತ್ತಿದ್ದೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಆ ಥೆರಪಿಸ್ಟ್ ಮೇಡಂ ಕೋಣೆಯಲ್ಲಿ ಒಂದು ಗಿಡ್ಡ ಮೇಜು, ಗೋಡೆಗೆ ಮಗುವಿನ ಎತ್ತರಕ್ಕೆ ಕನ್ನಡಿ, ಒಂದು ರಾಶಿ ಚಿತ್ರಗಳು. ಮೊದಲು ಕಿವಿ ಪರೀಕ್ಷೆ ಮಾಡಿಸಿದರು, ಕಿವಿ ಚೆನ್ನಾಗಿದೆ. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಹಲ್ಲಿಗೆ ತಾಗುತ್ತಿದೆ, ಅಭ್ಯಾಸದಿಂದ ಸರಿಹೋಗುತ್ತೆ ಅಂದರು. ಕುದುರೆಯ ಚಿತ್ರ ಕಂಡಾಗ ನಾನು ರೂಢಿಯಂತೆ, ನೋಡು ತುದುರೆ ಅಂದೆ. ಗುಬ್ಬಿ ಮುಖ ಕೆಂಪಗೆ ಮಾಡಿಕೊಂಡು, "ತುದುರೆ ಅಲ್ಲ, ತುದುರೆ" ಅಂದಳು. ನಾನು ನಕ್ಕೆ. ಆಕೆ ನಗಲಿಲ್ಲ.

"ಅವಳ ಕಿವಿಯಲ್ಲಿ ಕುದುರೆ ಸರಿಯಾಗೇ ಇದೆ. ತಾನೂ ಹಾಗೇ ಹೇಳ್ತಿದೀನಿ ಅಂದ್ಕೊಂಡಿದಾಳೆ. ನೀವು ತುದುರೆ ಅಂದ್ರೆ ಅಣಕಿಸ್ತಿದೀರಿ ಅಂತ ಗೊತ್ತಾಗುತ್ತೆ."

ಈಗ ವಾರಕ್ಕೊಮ್ಮೆ ಹೋಗುತ್ತೇವೆ. ನಾಲಿಗೆ ಹಿಂದಕ್ಕೆ ಸರಿಯಲಿ ಅಂತ ಅಂಗಾತ ಮಲಗಿ ಸೂರು ನೋಡುತ್ತಾ ಆಡುವ ಆಟ, ಬಾಯಿ ಮುಕ್ಕಳಿಸುತ್ತಾ ಗರಗರ ಅನ್ನುವ ಆಟ. ಮಾವನೂ ಮಲಗುತ್ತಾರೆ, ಎಬ್ಬಿಸಲು ಇಬ್ಬರು ಬೇಕು. ಮನೆಯಲ್ಲಿ ಅವಳನ್ನು ತಿದ್ದುವಂತಿಲ್ಲ, ಮತ್ತೆ ಹೇಳು ಅನ್ನುವಂತಿಲ್ಲ; ಅವಳ ಮಾತಿಗೆ ಉತ್ತರ ಕೊಡುವಾಗ ನಾವು ಆ ಪದವನ್ನು ಸರಿಯಾಗಿ ಹೇಳಬೇಕು, ಅಷ್ಟೆ. ತಾಪಿ ಅಂದವರಿಗೆ ಕಾಫಿಯಿಲ್ಲ. ಮಾವ ಈಗಾಗಲೇ ಎರಡು ಬೆಳಿಗ್ಗೆ ಬರೀ ನೀರು ಕುಡಿದಿದ್ದಾರೆ. ಗುರುವಾರ ಆ ಕೋಣೆಯಲ್ಲಿ ಒಂದೇ ಒಂದು ಸಲ ಕ್ ಅಂತ ಬಂತು. ಪದವಲ್ಲ, ಬರೀ ಸದ್ದು. ಕನ್ನಡಿ ನೋಡಿ ತಾನೇ ಬೆಚ್ಚಿದಳು. ಒಂದು ದಿನ ಚಿಕ್ಕಮ್ಮ ಅಂದಾಳು, ಆಗ ನಾನು ಸ್ವಲ್ಪ ಅತ್ತರೆ ನಗಬೇಡಿ.

ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಕಾಲಿಗೆ ಬಿಸಿನೀರು ಹಾಕಿಕೊಳ್ಳಿ, ಚೆನ್ನಾಗಿ ಓದಿ ಪಾಸಾಗಿ ಬನ್ನಿ.

ನಿಮ್ಮ ಬಾಯಾಳಿ ಓರಗಿತ್ತಿ

ಮರೆತಿದ್ದೆ: ದಿನಾ ಸಂಜೆ ಫೋನಿನಲ್ಲಿ ನೀವು, ಬಂಗಾರ, ಕುದುರೆ ಅಂತ ಹೇಳು ಅಂತಿದ್ದಿರಿ, ಅವಳು ತುದುರೆ ಅಂದಾಗ ಆ ಕಡೆ ನೀವು, ಈ ಕಡೆ ನಾವೆಲ್ಲ ನಗುತ್ತಿದ್ದೆವು. ಈಗ ಫೋನು ಬಂದರೆ ಊಟದ ಮೇಜಿನಡಿ ಸೇರುತ್ತಾಳೆ. ನೀವು ಇಟ್ಟಮೇಲೆ ಹೊರಗೆ ಬಂದು ಫೋನನ್ನು ಕಿವಿಗೆ ಒತ್ತಿಕೊಂಡು ಕೂರುತ್ತಾಳೆ. ನಿನ್ನೆ ನನ್ನನ್ನು ಕೇಳಿದಳು, ಅವಳು ಹೇಳಿದ ಹಾಗೆಯೇ ನಾನು ಬರೆಯುವುದಿಲ್ಲ: "ಅಮ್ಮ ಇವತ್ತೂ ನಗ್ತಾಳಾ?" ಅಕ್ಕ, ಇನ್ನು ಫೋನು ಮಾಡಿದಾಗ ಅವಳನ್ನು ಏನೂ ಹೇಳು ಅನ್ನಬೇಡಿ. ಕುದುರೆಯ ಕಥೆ ನೀವೇ ಹೇಳಿ. ಸ್ಪೀಕರ್ ಹಾಕಿ ಫೋನನ್ನು ಮೇಜಿನಡಿ ನಾನು ಇಡುತ್ತೇನೆ.