ಕತ್ತರಿಸಿದ ಫೋಟೋ

ನಾಯಿ ಕ್ಲಬ್ಬಿನ ಕಾರ್ಯದರ್ಶಿ ಅಂಕಲ್‌ಗೆ,

ಅಲ್ಲ, ಗ್ರೂಪಲ್ಲಿ ನನ್ನ ಮೆಸೇಜ್ ಅಳಿಸಿಬಿಟ್ರೆ ನಾನು ಸುಮ್ನಾಗ್ತೀನಾ? ಅದಕ್ಕೇ ಈ ಕಾಗದ.

ಕ್ಲಬ್ಬಿನ ಐವತ್ತು ವರ್ಷದ ಇತಿಹಾಸ ಅಂತ ನೀವು ತಂದ ಪುಸ್ತಕ ಒಂದೇ ಉಸಿರಿಗೆ ಓದಿದೆ. ಮೊದಲನೇ ಶೋ ಗೆದ್ದ ನಾಯಿಗೆ ಎರಡು ಪುಟ. ಅದನ್ನ ಸಾಕಿ, ಪಳಗಿಸಿ, ರಿಂಗಲ್ಲಿ ಓಡಿಸಿದ ನಮ್ಮಜ್ಜಿಗೆ ಒಂದು ಸಾಲೂ ಇಲ್ಲ! ಫೋಟೋದಲ್ಲೂ ಅವರನ್ನ ಕತ್ತರಿಸಿ, ನಾಯಿ ಬೆಲ್ಟ್ ಹಿಡಿದ ಕೈ ಮಾತ್ರ ಬಿಟ್ಟಿದೀರಿ. ಫೋನ್ ಮಾಡಿ ಕೇಳಿದ್ರೆ, "ಅವರು ಕೆಲಸದವರು ಕಣಮ್ಮಾ, ಮೆಂಬರ್ ಅಲ್ಲ" ಅಂದ್ರಿ.

ಅಜ್ಜಿ ಕನ್ನಡಕ ಹಾಕ್ಕೊಂಡು ಆ ಫೋಟೋ ನೋಡಿ, "ಏ, ಇದು ನನ್ನ ಕೈ ಕಣೇ!" ಅಂತ ಖುಷಿಪಟ್ರು. ನನಗೆ ಮೈಯೆಲ್ಲ ಉರೀತು.

ಭಾನುವಾರದ ಶೋಗೆ ಅವರನ್ನ ಕರ್ಕೊಂಡು ಬರ್ತೀನಿ. ಅಷ್ಟರೊಳಗೆ ಪೂರ್ತಿ ಫೋಟೋ ಬಾಗಿಲ ಹತ್ರ ಹಾಕಿಸಿ, ಕೆಳಗೆ ಅಜ್ಜಿ ಹೆಸರು ಬರೆಸಿ.

ಇಂತಿ,
ನಿಮ್ಮ ಒಂದು ಶೋನೂ ತಪ್ಪಿಸದ ಹುಡುಗಿ

ತಾ.ಕ.: ಆ ನಾಯಿಯ ಮುತ್ತಾತನ ಹೆಸರು ನಿಮಗೆ ಬಾಯಿಪಾಠ. ನಮ್ಮಜ್ಜಿ ಹೆಸರೇನು, ಹೇಳಿ ನೋಡೋಣ?