ಸಾಯಬೇಕಿದ್ದ ಯೀಸ್ಟ್

ಮಾರ್ಚ್ ೧೧, ಮಂಗಳವಾರ

ಯೀಸ್ಟ್ ಇವತ್ತೂ ಸಾಯಲಿಲ್ಲ. ಕೋಶದ ಗೋಡೆಗೆ ಪೆಟ್ಟು ಬಿದ್ದಾಗ ರಿಪೇರಿ ಜೀನ್‌ಗಳನ್ನು ಎಬ್ಬಿಸುವ ಮುಖ್ಯ ಜೀನನ್ನೇ ತೆಗೆದುಹಾಕಿದ್ದೆ. ಅದಿಲ್ಲದೆ ಗೋಡೆಗೆ ಪೆಟ್ಟು ಬಿದ್ದ ಯೀಸ್ಟ್ ಬದುಕುವುದಿಲ್ಲ ಅಂತಲೇ ನಾವು ಪ್ರಬಂಧ ಬರೆದಿರುವುದು. ಆದರೂ ಗೋಡೆ ಕೆಡಿಸುವ ಔಷಧಿಯ ತಟ್ಟೆಯಲ್ಲಿ ಬೆಳ್ಳಗೆ ಬೆಳೆದು ಕೂತಿದೆ.

ನನ್ನ ಪಿಎಚ್‌ಡಿ ಗೈಡ್ ತಟ್ಟೆಯನ್ನು ಬೆಳಕಿಗೆ ಹಿಡಿದು, "ಹೊರಗಿಂದ ಬೇರೆ ಯಾವ್ದೋ ಯೀಸ್ಟ್ ಸೇರ್ಕೊಂಡಿದೆ ಕಣಮ್ಮ, ಬಿಸಾಕು. ಪ್ರಬಂಧ ಈ ವಾರ ಜರ್ನಲ್‌ಗೆ ಹೋಗ್ಬೇಕು," ಅಂದರು.

"ಇಲ್ಲ ಸರ್, ಡಿಎನ್‌ಎ ನೋಡ್ದೆ, ನಮ್ಮದೇ. ರಿಪೇರಿ ಜೀನ್‌ಗಳೂ ಜೋರಾಗಿ ಕೆಲಸ ಮಾಡ್ತಿವೆ. ಅವನ್ನ ಎಬ್ಬಿಸೋಕೆ ಇನ್ನೊಂದು ದಾರಿ ಇದೆ."

"ಅಂದ್ರೆ ನಮ್ಮ ಪ್ರಬಂಧ ತಪ್ಪು ಅಂತೀಯಾ?"

"ಹೌದು ಸರ್" ಅಂದೆ. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋದರು.

ಸಂಜೆ ಫೋನಲ್ಲಿ ಎಲ್ಲಾ ಕೇಳಿ ಅಕ್ಕ, "ಬ್ರೆಡ್ ಉಬ್ಬಿಸೋ ಪುಡಿಗೋಸ್ಕರ ನಿನ್ ಕಾಲ್ ಮೇಲೆ ನೀನೇ ಕಲ್ಲು ಎತ್ತಾಕ್ಕೊಂಡ್ಯಲ್ಲೇ!" ಅಂತ ನಕ್ಕಳು. ನಾನೂ ನಕ್ಕೆ.

ಊಟದ ಹೊತ್ತಿಗೆ ಗೈಡ್ ಮೆಸೇಜು ಬಂತು: "ಪ್ರಬಂಧ ತಡೆದಿದ್ದೀನಿ. ನನ್ನ ಕಣ್ಣೆದುರು ಮತ್ತೆ ಮಾಡಿ ತೋರ್ಸು."

ತೋರಿಸುತ್ತೇನೆ. ಮತ್ತೆ ಬದುಕಿದರೆ ಆ ಇನ್ನೊಂದು ದಾರಿ ಯಾವುದು ಅಂತ ಹುಡುಕದೆ ಬಿಡುವವಳಲ್ಲ ನಾನು. ಬೆಳಿಗ್ಗೆ ಬೇಗ ಹೋಗಿ ಹೊಸ ತಟ್ಟೆಗಳಿಗೆ ಯೀಸ್ಟ್ ಬೆಳೆಸುವ ಪಾಕ ಸುರಿಯಬೇಕು. ಕಣ್ಣು ಎಳೆಯುತ್ತಿದೆ, ಆದರೂ ಔಷಧಿ ಈ ಸಲ ಇನ್ನೂ ಸ್ವಲ್ಪ ಜಾಸ್ತಿ ಹಾಕಿ ನೋಡಿದರೆ...