ಎರಡೂ ತಂತಿ ಹಿಡಿದ ಇಂಜಿನಿಯರ್ ಸಾಹೇಬರು

ಮಸೂತಿ
೯ ಫೆಬ್ರವರಿ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಗಡಿಯ ಥಂಡಿಯಲ್ಲಿ ಅದು ಮತ್ತೆ ಎದ್ದಿರಬೇಕು ಎಂದು ಅವ್ವ ದಿನಾ ಪೇಚಾಡುತ್ತಾಳೆ. ಇಲ್ಲಿ ಎಲ್ಲರೂ ಆರಾಮ. ಫೋನ್ ಇರುವಾಗ ಕಾಗದ ಏಕೆಂದು ನಗಬೇಡ. ಅಪ್ಪನ ಫೋನಿನಲ್ಲಿ ಮಾತಾಡಿದರೆ ಅವನು ಸ್ಪೀಕರ್ ಹಚ್ಚಿ ಅರ್ಧ ಓಣಿಗೆ ಕೇಳಿಸುತ್ತಾನೆ. ನನ್ನ ಫೋನಿನಿಂದ ಮಾಡಿದರೆ ನೀನು "ಆಮ್ಯಾಲ ಮಾತಾಡೂಣು" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಪೂರ್ತಿ ಓದಲೇಬೇಕಲ್ಲ.

ಹೋದ ಭಾನುವಾರ ಸಿಂದಗಿಯ ಚೇತನಕುಮಾರ ನನ್ನನ್ನು ನೋಡಲು ಬಂದದ್ದು, ಅವರಿಗೆ ನಾನು ಒಪ್ಪಿಗೆಯಾದದ್ದು ನಿನಗೆ ಗೊತ್ತು. ಗುರುಲಿಂಗಪ್ಪ ಕಾಕಾ ತಂದ ಸಂಬಂಧ, ಎಲೆಕ್ಟ್ರಿಕಲ್ ಇಂಜಿನಿಯರ್ ಎಂಬ ಹೆಸರು ಬೇರೆ. ನೀನು ಹೂಂ ಎಂದರೆ ಇದೇ ತಿಂಗಳು ನಿಶ್ಚಯ ಎಂದು ಅಪ್ಪ ಕಾದು ಕುಳಿತಿದ್ದಾನೆ. ಅಂದು ನಿಜವಾಗಿ ಏನಾಯಿತೆಂದು ನಿನಗೆ ಯಾರೂ ಹೇಳಿಲ್ಲ, ಹೇಳಿದ್ದರೂ ನಕ್ಕು ಹೇಳಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಹಾ ಕೊಟ್ಟು ಕುಳಿತೆ. ಉಳಿದವರಾದರೆ ಅಡುಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಸಾಹೇಬರು ಹಾಗೆ ಕೇಳುವವರಲ್ಲ. ಹುಡುಗಿ ಐಟಿಐ ಮಾಡಿ ಬಾಗೇವಾಡಿಯಲ್ಲಿ ಅಬ್ದುಲರಜಾಕ ಚಾಚಾ ಅವರ ಅಂಗಡಿಯಲ್ಲಿ ಮೂರು ವರ್ಷದಿಂದ ಮೋಟರ್ ಕಟ್ಟುತ್ತಾಳೆ ಎಂದು ಕಾಕಾ ಹೇಳಿದ್ದೇ ತಡ, ಪರೀಕ್ಷೆ ಶುರುವಾಯಿತು. ನಮ್ಮ ಬಚ್ಚಲಿನಲ್ಲಿ ನೀರು ಕಾಯಿಸುವ ರಾಡ್ ತೋರಿಸಿ, ಅದರ ಮೇಲೆ ಇನ್ನೂರಾ ಮೂವತ್ತು ವೋಲ್ಟ್, ಎರಡು ಸಾವಿರ ವ್ಯಾಟ್ ಎಂದಿದೆ, ನಿಮ್ಮೂರಿನ ವೋಲ್ಟೇಜ್ ಸಂಜೆ ನೂರಾ ಅರವತ್ತಕ್ಕೆ ಇಳಿದರೆ ರಾಡ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಕೇಳಿದರು. ನಾನು ಆರು ಎಂದೆ. ಸಾಹೇಬರು ಕಾಲ ಮೇಲೆ ಕಾಲು ಹಾಕಿ ನಕ್ಕರು. ಎರಡು ಸಾವಿರವನ್ನು ನೂರಾ ಅರವತ್ತರಿಂದ ಭಾಗಿಸಬೇಕಂತೆ, ಹನ್ನೆರಡೂವರೆ ಬರಬೇಕಂತೆ. ಅವರು ನಕ್ಕಿದ್ದಕ್ಕೆ ಕಾಕಾ ನಕ್ಕ, ಕಾಕಾ ನಕ್ಕಿದ್ದಕ್ಕೆ ಅಪ್ಪನೂ ನಕ್ಕ. ಇವರಿಬ್ಬರಿಗೆ ಆಂಪಿಯರ್ ಅಂದರೆ ಕುಡಿಯುವುದೋ ತಿನ್ನುವುದೋ ತಿಳಿಯದು.

ನಿನಗಾದರೂ ತಿಳಿಯುವ ಹಾಗೆ ಹೇಳುತ್ತೇನೆ. ಎರಡು ಸಾವಿರವನ್ನು ಇನ್ನೂರಾ ಮೂವತ್ತರಿಂದ ಭಾಗಿಸಿದರೆ ಎಂಟು ಮುಕ್ಕಾಲು ಆಂಪಿಯರ್ ಹತ್ತಿರ ಬರುತ್ತದೆ. ವೋಲ್ಟನ್ನು ಆ ಆಂಪಿಯರಿನಿಂದ ಭಾಗಿಸು, ಇಪ್ಪತ್ತಾರೂವರೆ ಓಮ್. ಅದು ರಾಡಿನ ಪ್ರತಿರೋಧ. ಊರಲ್ಲಿ ಕರೆಂಟ್ ಡಿಮ್ ಆಯಿತೆಂದು ಒಳಗಿನ ತಂತಿ ಬೇರೆಯಾಗುವುದಿಲ್ಲವಲ್ಲ, ಆ ಓಮ್ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಈಗ ನೂರಾ ಅರವತ್ತನ್ನು ಅದರಿಂದ ಭಾಗಿಸಿದರೆ ಆರು. ನೂರಾ ಅರವತ್ತು ಆರಲೆ ಒಂಬೈನೂರಾ ಅರವತ್ತು ವ್ಯಾಟ್, ಬರೆದದ್ದರ ಅರ್ಧವೂ ಇಲ್ಲ. ಇಷ್ಟನ್ನು ಅವ್ವ ಲೆಕ್ಕವಿಲ್ಲದೆ ಹೇಳಿದಳು, ಬಾಗಿಲ ಸಂದಿಯಿಂದ: "ಕರೆಂಟ್ ಡಿಮ್ ಇದ್ದಾಗ ನೀರು ಕಾಯೂದ್ರಾಗ ಜೀವ ಹೋಗ್ತೈತ್ರಿ." ಸಾಹೇಬರು ಅವ್ವನ ಕಡೆ ತಿರುಗಿಯೂ ನೋಡಲಿಲ್ಲ.

ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ತಂತಿಗೆ ಕಚ್ಚಿಸಿದರೆ ಆಂಪಿಯರ್ ತೋರಿಸುವ ನನ್ನ ಕ್ಲ್ಯಾಂಪ್ ಮೀಟರ್ ತಂದೆ. ಹೇಗೂ ಸಂಜೆಯಾಗಿತ್ತು, ವೋಲ್ಟೇಜ್ ಸರಿಯಾಗಿ ನೂರಾ ಅರವತ್ತಕ್ಕೆ ಬಂದಿತ್ತು. ನಾನು ಬಕೆಟ್ಟಿನಲ್ಲಿ ರಾಡ್ ಇಟ್ಟು ಚಾಲೂ ಮಾಡುವಷ್ಟರಲ್ಲಿ ಅವರು ಮೀಟರನ್ನು ನನ್ನ ಕೈಯಿಂದ ಕಸಿದುಕೊಂಡು ಅದರ ಬಾಯಿ ತೆರೆದು ಇಡೀ ವೈರಿಗೆ ಕಚ್ಚಿಸಿದರು. ಸೊನ್ನೆ ಬಂತು. "ನಿಮ್ಮ ಮೀಟರ್ ಸತ್ತೈತ್ರಿ" ಎಂದು ಕಾಕಾನಿಗೆ ತೋರಿಸಿದರು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಕೂಡಿಸಿ ಹಿಡಿದರೆ ಒಂದು ಇನ್ನೊಂದನ್ನು ಅಳಿಸಿ ಸೊನ್ನೆಯೇ ಬರುತ್ತದೆ. ಅಂಗಡಿಯಲ್ಲಿ ನನ್ನ ಮೊದಲ ದಿನವೇ ಚಾಚಾ ಇದನ್ನು ಕಲಿಸಿದ್ದರು. ಒಂದೊಂದೇ ತಂತಿ ಬಿಡಿಯಾಗಿರುವ ನನ್ನ ಬೋರ್ಡಿಗೆ ರಾಡ್ ಚುಚ್ಚಿ, ಒಂದೇ ತಂತಿ ಹಿಡಿದು ತೋರಿಸಿದೆ. ಆರು. ಹನ್ನೆರಡೂವರೆ ಅಲ್ಲ, ಏಳೂ ಅಲ್ಲ.

ಮನುಷ್ಯನಾದವನು ಅಲ್ಲಿ ತಪ್ಪಾಯಿತು ಎಂದು ನಕ್ಕುಬಿಟ್ಟಿದ್ದರೆ ನಾನು ಬಹುಶಃ ಅವನನ್ನು ಮೆಚ್ಚುತ್ತಿದ್ದೆ. ತಪ್ಪು ಯಾರಿಗಿಲ್ಲ, ನಾನು ಸುಟ್ಟ ಮೋಟರುಗಳನ್ನು ಚಾಚಾ ಇನ್ನೂ ಎಣಿಸುತ್ತಾರೆ. ಸಾಹೇಬರು ಮಾತ್ರ ಮೀಟರ್ ಅಗ್ಗದ್ದು ಎಂದರು. ಆಮೇಲೆ ಚಪ್ಪಲಿ ಮೆಟ್ಟುತ್ತ ಅಪ್ಪನಿಗೆ, "ಲಗ್ನ ಆದಮ್ಯಾಲ ಈ ಅಂಗಡಿ ಗಿಂಗಡಿ ಬಿಡಬೇಕಾಗ್ತೈತ್ರಿ" ಎಂದರು. ಅಪ್ಪ "ಹೌದ್ರಿ, ಹೌದ್ರಿ" ಎಂದ. ನನಗೆ ಸಿಟ್ಟು ಬಂದದ್ದು ಸಾಹೇಬರ ಮೇಲಲ್ಲ, ಅವರ ಮೇಲೆ ಸಿಟ್ಟು ಮಾಡುವಷ್ಟು ಸರಕು ಅವರಲ್ಲಿಲ್ಲ. ಅಪ್ಪನ ಆ ಹೌದ್ರಿ ಮಾತ್ರ ಎದೆಗೆ ನಾಟಿತು. ಮುಂದಿನ ಮೂವತ್ತು ವರ್ಷ ಕಣ್ಣೆದುರು ಆರು ಇರುವಾಗ ಹನ್ನೆರಡೂವರೆ ಎಂದು ಗೋಣು ಹಾಕುತ್ತ ಕೂಡುವುದು ನನ್ನಿಂದಾಗದು. ಅಪ್ಪ ನಿನ್ನ ಮಾತು ಮೀರುವುದಿಲ್ಲ. ನೀನು ಬೇಡ ಎಂದು ಹೇಳು.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅವ್ವ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ ತಂಗಿ,
ಸುನಂದಾ

ತಾ.ಕ.: ಮಂಗಳವಾರ ಬೆಳಿಗ್ಗೆ. ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ನಿನ್ನೆ ನೀನು ಅಪ್ಪನಿಗೆ ಫೋನ್ ಮಾಡಿ, ಅಷ್ಟು ಓದಿದ ಹುಡುಗನಿಗೆ ತಿಳಿಯದ್ದು ನಮ್ಮ ಸುನಂದಾಗೆ ಏನು ತಿಳಿಯುತ್ತದೆ, ನಿಶ್ಚಯ ಮಾಡಿಬಿಡು ಎಂದದ್ದನ್ನು ಸ್ಪೀಕರಿನಲ್ಲಿ ನಾನೂ ಕೇಳಿದೆ. ಇಂದು ಸಾಹೇಬರ ತಾಯಿ ನನ್ನ ಕುಪ್ಪಸದ ಅಳತೆ ಕೇಳಲು ಫೋನ್ ಮಾಡಿದ್ದರು. ಒಲ್ಲೆ ಎಂದು ನಾನೇ ಹೇಳಿಬಿಟ್ಟೆ. ಅಪ್ಪ ಮಾತು ಬಿಟ್ಟಿದ್ದಾನೆ. ನಾನು ಅಂಗಡಿಗೆ ಹೊರಟಿದ್ದೇನೆ, ದಾರಿಯಲ್ಲಿ ಇದನ್ನು ಡಬ್ಬಿಗೆ ಹಾಕುತ್ತೇನೆ. ನಿನ್ನ ಅಪ್ಪಣೆ ಇನ್ನು ಬೇಕಾಗಿಲ್ಲ. ಆರು ಎಂದು ನಾನು ಹೇಳಿದ್ದು ಸರಿಯಿತ್ತು ಎಂದು ಒಮ್ಮೆ ಅಪ್ಪನಿಗೆ ಹೇಳು, ಸ್ಪೀಕರ್ ಹಚ್ಚಿದ್ದಾಗಲೇ ಹೇಳು.